ಮೂವರೇ ತುಂಬಿದ ಸದ್ದು

ರಾಕ್ ತಂಡದಲ್ಲಿ ಸಾಮಾನ್ಯವಾಗಿ ನಾಲ್ಕೈದು ಜನ ಇರುತ್ತಾರೆ. ಹಾಡಲು ಒಬ್ಬರು, ಮುಂದೆ ನಿಂತು ಬಿಡಿ ಸ್ವರಗಳಲ್ಲಿ ಮೆರೆಯುವ ಗಿಟಾರ್ ಒಂದು, ಹಿಂದಿನಿಂದ ಆಸರೆಯಾಗುವ ಗಿಟಾರ್ ಇನ್ನೊಂದು, ಮಂದ್ರಕ್ಕೆ ಬೇಸ್ ಗಿಟಾರ್, ಲಯಕ್ಕೆ ಡ್ರಮ್ಸ್. ಇಷ್ಟನ್ನೂ ಮೂವರೇ ನಿಭಾಯಿಸಿದರೆ ಅದು ‘ಪವರ್ ಟ್ರಿಯೊ’. ಇರುವ ಒಬ್ಬನೇ ಗಿಟಾರಿಗ ಬಿಡಿ ಸ್ವರಗಳ ಬೆನ್ನು ಹತ್ತಿದ ಕೂಡಲೇ ಹಿಂದೆ ಎಲ್ಲ ಖಾಲಿ ಖಾಲಿ. ಆ ಜಾಗ ತುಂಬುವುದೇ ಈ ಕಸುಬಿನ ಕಷ್ಟ. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮೋಟರ್‌ಹೆಡ್ ಅದಕ್ಕೆ ಕಂಡುಕೊಂಡ ದಾರಿ ವಿಚಿತ್ರವಾದದ್ದು.

ತಂಡ ಕಟ್ಟಿದ ಲೆಮ್ಮಿ ಕಿಲ್ಮಿಸ್ಟರ್ ಮೂಲತಃ ಗಿಟಾರಿಗರು. ಹಾಕ್‌ವಿಂಡ್ ತಂಡ ಸೇರಿದಾಗ ಬೇಸ್ ಕೈಗೆ ಬಂತು. ಕೈಯ ರೂಢಿ ಮಾತ್ರ ಹಳೆಯದೇ ಉಳಿಯಿತು. ಬೇಸ್‌ನ ನಾಲ್ಕು ದಪ್ಪ ತಂತಿಗಳನ್ನು ಒಂದೊಂದಾಗಿ ಮೀಟುವುದು ವಾಡಿಕೆ. ಇವರು ಒಂದಕ್ಕಿಂತ ಹೆಚ್ಚು ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ‘ಪಿಕ್’ ಎಂಬ ಪುಟ್ಟ ಬಿಲ್ಲೆಯಿಂದ ಮೇಲೆ ಕೆಳಗೆ ಬಾರಿಸುತ್ತಿದ್ದರು. ಹೀಗೆ ಕೂಡಿ ನುಡಿಯುವ ಸ್ವರಗಳ ಗೊಂಚಲಿಗೆ ‘ಕಾರ್ಡ್’ ಎನ್ನುತ್ತಾರೆ. ಇನ್ನು ಮಾರ್ಷಲ್ ಆಂಪ್ಲಿಫೈಯರ್‌ನಲ್ಲಿ ಮಂದ್ರದ ಗುಂಡಿಯನ್ನು ಸೊನ್ನೆಗೆ ಇಳಿಸಿ, ನಡುಸ್ಥಾಯಿಯದನ್ನು ಪೂರ್ತಿ ಏರಿಸಿಡುತ್ತಿದ್ದರು. ಬೇಸ್ ನುಡಿಸುವವರೇ ಬೇಸ್ ಇಳಿಸುವುದೆಂದರೆ! ಆದರೆ ಅವರ ರಿಕನ್‌ಬ್ಯಾಕರ್ ಬೇಸ್‌ನಿಂದ ಹೊಮ್ಮಿದ ಗೊರಗೊರ ಸದ್ದು ಎರಡನೆಯ ಗಿಟಾರಿನ ಜಾಗವನ್ನು ಇಡಿಯಾಗಿ ಆಕ್ರಮಿಸಿಕೊಂಡಿತು. ಹಾಡುವ ಹೊಣೆಯೂ ಅವರದೇ. ಮೈಕನ್ನು ಬಾಯಿಗಿಂತ ಎತ್ತರಕ್ಕೆ ಕಟ್ಟಿಸಿ, ಮಳೆ ಬಂತೇ ಎಂದು ನೋಡುವವರಂತೆ ಮುಖ ಮೇಲೆತ್ತಿ ಹಾಡುತ್ತಿದ್ದರು.

ಹಿಂದಿನ ಚಿಂತೆ ತಪ್ಪಿದ್ದರಿಂದ ಗಿಟಾರಿಗ ಎಡ್ಡಿ ಕ್ಲಾರ್ಕ್ ಧಾರಾಳವಾಗಿ ವಿಹರಿಸಬಹುದಿತ್ತು. ಮಂದ್ರದ ಗುದ್ದು ಕಡಿಮೆಯಾಗದಂತೆ ನೋಡಿಕೊಳ್ಳುವ ಪಾಲು ಡ್ರಮ್ಸ್ ನುಡಿಸುವ ಫಿಲ್ ಟೇಲರ್ ಅವರ ಕಾಲುಗಳದ್ದು. ಡ್ರಮ್ಸ್ ಸೆಟ್ಟಿನ ದೊಡ್ಡ ಡ್ರಮ್ ಸಾಮಾನ್ಯವಾಗಿ ಒಂದೇ. ಅದನ್ನು ಒಂದು ಕಾಲಿನ ಪೆಡಲ್‌ನಿಂದ ಬಾರಿಸುತ್ತಾರೆ. ಟೇಲರ್ ಎರಡನ್ನು ಇಟ್ಟುಕೊಂಡರು. ‘ಓವರ್‌ಕಿಲ್’ ಹಾಡಿನಲ್ಲಿ ಎರಡೂ ಪಾದಗಳು ಒಂದಾದ ಮೇಲೊಂದರಂತೆ ಐದು ನಿಮಿಷ ದೌಡಾಯಿಸುತ್ತವೆ. ಮುಗಿಯಿತು ಎನ್ನುವಾಗ ಹಾಡು ಮತ್ತೆ ಶುರುವಾಗುತ್ತದೆ, ಅದೂ ಎರಡು ಸಲ. ಪಾದಗಳಿಗೆ ಎಲ್ಲಿಯ ಬಿಡುವು?

1980ರಲ್ಲಿ ‘ಏಸ್ ಆಫ್ ಸ್ಪೇಡ್ಸ್’ ಆಲ್ಬಂ ಬಂತು. ಮರುವರ್ಷದ ‘ನೋ ಸ್ಲೀಪ್ ಟಿಲ್ ಹ್ಯಾಮರ್‌ಸ್ಮಿತ್’ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದು ವೇದಿಕೆಯಲ್ಲೇ ಮುದ್ರಿಸಿಕೊಂಡದ್ದು, ಆದರೆ ಹ್ಯಾಮರ್‌ಸ್ಮಿತ್‌ನಲ್ಲಿ ಅಲ್ಲ. 1982ರಲ್ಲಿ ಕ್ಲಾರ್ಕ್ ಹೊರನಡೆದರು. ನಡುವೆ ಸುಮಾರು ಹತ್ತು ವರ್ಷ ತಂಡದಲ್ಲಿ ನಾಲ್ವರಿದ್ದರು. 1995ರಲ್ಲಿ ಮತ್ತೆ ಮೂವರಾಯಿತು. 2015ರ ಡಿಸೆಂಬರ್ 28ರಂದು ಲೆಮ್ಮಿ ತೀರಿಕೊಂಡರು, ತಂಡವೂ ಅಲ್ಲಿಗೇ ನಿಂತಿತು.

ಕೇಳುವ ಮನಸ್ಸಾದರೆ ‘ಓವರ್‌ಕಿಲ್’ನಿಂದಲೇ ಆರಂಭಿಸಿ. ಡ್ರಮ್ಸ್ ಹಿಂದೆಯೇ ಗೊರಗುಟ್ಟುತ್ತ ಬರುವುದು ಗಿಟಾರ್ ಅಲ್ಲ, ಬೇಸ್.