ನಾಲ್ಕು ಉತ್ತರಗಳಲ್ಲಿ ಸರಿ ಯಾವುದು?

ಐದನೇ ತರಗತಿ ಓದುವ ಮಗು ನಿಮ್ಮ ಮನೆಯಲ್ಲಿದ್ದರೆ ನವೋದಯ ಪರೀಕ್ಷೆಯ ಹೆಸರು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. 1985-86ರಲ್ಲಿ ಶುರುವಾದ ಈ ಶಾಲೆಗಳಲ್ಲಿ ಆರನೇ ತರಗತಿಗೆ ಸೀಟು ಸಿಕ್ಕಿತೆಂದರೆ ಹನ್ನೆರಡರವರೆಗೂ ಅಲ್ಲೇ ಓದು. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲ ಸರ್ಕಾರದ್ದೇ. ಒಂಬತ್ತನೇ ತರಗತಿಯಿಂದ ಕೆಲವರು ತಿಂಗಳಿಗಿಷ್ಟು ಅಂತ ಕಟ್ಟಬೇಕಾಗುತ್ತದೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಮುಕ್ಕಾಲು ಪಾಲು ಸೀಟು ಹಳ್ಳಿಯ ಮಕ್ಕಳಿಗೇ ಮೀಸಲು. ಆದರೆ ಆರನೇ ತರಗತಿಯ ಈ ಪರೀಕ್ಷೆಗೆ ಮಗು ಒಂದೇ ಸಲ ಕೂರಬಹುದು. "ಮುಂದಿನ ವರ್ಷ ನೋಡೋಣ ಬಿಡು" ಅನ್ನೋ ಹಾಗಿಲ್ಲ.

"ಅಯ್ಯೋ, ನಾವು ಓದಿರೋದೇ ಎಸ್ಸೆಸ್ಸೆಲ್ಸಿ, ನಮಗೆಲ್ಲಿ ಬರುತ್ತೆ ಇದನ್ನೆಲ್ಲ ಹೇಳಿಕೊಡೋಕೆ?" ಎನ್ನಬೇಡಿ. ನಾನೂ ಅಷ್ಟೇ ಓದಿದವಳು. ಲೆಕ್ಕಕ್ಕೂ ಮಾನಸಿಕ ಸಾಮರ್ಥ್ಯದ ಚಿತ್ರಗಳಿಗೂ ಮೇಷ್ಟರು ಇರಲಿ. ಭಾಷೆಯ ಭಾಗ ನಮ್ಮ ಕೈಲಾಗುವಂಥದ್ದು. ನಾಲ್ಕು ಗದ್ಯಭಾಗ, ಒಂದೊಂದಕ್ಕೂ ಐದು ಪ್ರಶ್ನೆ, ಒಟ್ಟು 20 ಪ್ರಶ್ನೆಗೆ 25 ಅಂಕ. ನೂರರಲ್ಲಿ ಕಾಲು ಭಾಗವಾಯಿತಲ್ಲ! "ಕನ್ನಡ ತಾನೇ, ಓದಿಕೋತಾನೆ" ಅಂತ ಹೆಚ್ಚಿನ ಮನೆಗಳಲ್ಲಿ ಇದನ್ನು ಕೇಳುವವರೇ ಇಲ್ಲ. ಅಂಕ ಸೋರಿಹೋಗುವುದು ಇಲ್ಲೇ.

ಅದರಲ್ಲೂ ಗದ್ಯಭಾಗ ವಿಜ್ಞಾನದ ವಿಷಯದ್ದಾದರೆ ಚುರುಕು ಮಕ್ಕಳೇ ಮುಗ್ಗರಿಸುತ್ತಾರೆ. ಕಾರಣ ಸರಳ. ಮಗುವಿಗೆ ಆ ವಿಷಯ ಸ್ವಲ್ಪ ಗೊತ್ತಿರುತ್ತದೆ. ಕೊಟ್ಟಿರುವುದನ್ನು ಓದದೆ ತನಗೆ ಗೊತ್ತಿರುವುದನ್ನೇ ಬರೆದುಬಿಡುತ್ತದೆ. ಮನೆಯಲ್ಲಿ ನಾನೇ ಬರೆದುಕೊಟ್ಟ ಒಂದು ತುಣುಕು ನೋಡಿ:

"ಮಣ್ಣಿನ ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಒಳಗಿನ ನೀರು ಇವುಗಳ ಮೂಲಕ ಜಿನುಗಿ ಹೊರಮೈಗೆ ಬರುತ್ತದೆ. ಅಲ್ಲಿ ಆವಿಯಾಗುವಾಗ ಅದು ಮಡಕೆಯಿಂದಲೂ ಒಳಗಿನ ನೀರಿನಿಂದಲೂ ಶಾಖವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಉಳಿದ ನೀರು ತಣ್ಣಗಾಗುತ್ತದೆ. ಮಳೆಗಾಲದ ಗಾಳಿಯಲ್ಲಿ ಆರ್ದ್ರತೆ ಹೆಚ್ಚಾಗಿರುವುದರಿಂದ ನೀರು ನಿಧಾನವಾಗಿ ಆವಿಯಾಗುತ್ತದೆ."

ಪ್ರಶ್ನೆ: ಮಡಕೆಯ ನೀರು ತಣ್ಣಗಾಗಲು ಕಾರಣವೇನು? (ಅ) ಮಣ್ಣು ತಂಪು ಗುಣದ್ದು. (ಆ) ಮಡಕೆಯಲ್ಲಿ ರಂಧ್ರಗಳಿವೆ. (ಇ) ಆವಿಯಾಗುವ ನೀರು ಶಾಖವನ್ನು ಎಳೆದುಕೊಳ್ಳುತ್ತದೆ. (ಈ) ಮಡಕೆಯನ್ನು ನೆರಳಿನಲ್ಲಿಡುತ್ತಾರೆ.

ನನ್ನ ಕಿರಿಯವಳು ತಟ್ಟನೆ (ಆ) ಎಂದಳು. "ಬರೆದಿದೆಯಲ್ಲಮ್ಮಾ, ಮೊದಲನೇ ಸಾಲಲ್ಲೇ!" ನಿಜ, ಬರೆದಿದೆ. ಆದರೆ ಕೇಳಿದ್ದು ಅದನ್ನಲ್ಲವಲ್ಲ. "ರಂಧ್ರ ಇದ್ದು ನೀರು ಹೊರಗೆ ಬಂತು ಪುಟ್ಟೀ, ಬಂದಮೇಲೆ ಆವಿಯೇ ಆಗಲಿಲ್ಲ ಅಂದುಕೋ. ಆಗಲೂ ತಣ್ಣಗಾಗುತ್ತಾ?" ಎಂದೆ. ಸ್ವಲ್ಪ ಹೊತ್ತು ಮಡಕೆ ಕಡೆ ನೋಡಿ (ಇ)ಗೆ ಬಂದಳು. ಇಲ್ಲಿ (ಅ) ಎನ್ನುವುದು ಅಜ್ಜಿಯಿಂದ ಕೇಳಿದ ಮಾತು, ಗದ್ಯದಲ್ಲಿಲ್ಲ. (ಈ) ಮನೆಯಲ್ಲಿ ಕಂಡದ್ದು, ಅದೂ ಗದ್ಯದಲ್ಲಿಲ್ಲ. (ಆ) ಅರ್ಧ ಉತ್ತರ. ಮಕ್ಕಳನ್ನು ಹೆಚ್ಚು ಬೀಳಿಸುವುದು ಈ ಅರ್ಧ ಉತ್ತರವೇ. ಆದ್ದರಿಂದ ಉತ್ತರ ಹೇಳಿದ ಕೂಡಲೇ "ಯಾವ ಸಾಲು? ಬೆರಳಿಟ್ಟು ತೋರಿಸು" ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಆದರೆ ಎಲ್ಲಕ್ಕೂ ಬೆರಳಿಡಲು ಆಗುವುದಿಲ್ಲ. "ಮಡಕೆಯ ಹೊರಮೈಗೆಲ್ಲ ಎಣ್ಣೆಬಣ್ಣ ಬಳಿದರೆ ಏನಾಗುತ್ತದೆ?" ಎಂದು ಕೇಳಿದರೆ ಬಣ್ಣದ ಮಾತೇ ಅಲ್ಲಿಲ್ಲ. ಮಗು ಗಾಬರಿಯಾಗಬಾರದು. ಬಣ್ಣ ಬಳಿದರೆ ರಂಧ್ರ ಮುಚ್ಚುತ್ತದೆ, ನೀರು ಹೊರಗೆ ಬರುವುದಿಲ್ಲ, ಮೊದಲಿನಷ್ಟು ತಣ್ಣಗಾಗುವುದಿಲ್ಲ. ಓದಿದ್ದರಿಂದಲೇ ಒಂದೊಂದೇ ಮೆಟ್ಟಿಲು ಹತ್ತಿ ಹೋಗಬೇಕು. "ಆರ್ದ್ರತೆ" ಅಂದರೇನು ಎಂಬಂಥ ಪ್ರಶ್ನೆಗೆ ನಾಲ್ಕು ಅರ್ಥಗಳನ್ನೂ ಆ ವಾಕ್ಯದಲ್ಲಿ ಕೂರಿಸಿ ಓದಿಸಿ. ಶಾಖ, ಧೂಳು, ತೇವ, ವೇಗ ಇವುಗಳಲ್ಲಿ "ತೇವ" ತಾನಾಗಿಯೇ ಹೊಂದಿಕೊಳ್ಳುತ್ತದೆ.

ಇನ್ನು ಪ್ರಶ್ನೆಯಲ್ಲಿ "ಯಾವುದು ಸರಿಯಲ್ಲ?" ಎಂದಿದ್ದರೆ ಆ "ಅಲ್ಲ"ದ ಕೆಳಗೆ ಗೆರೆ ಎಳೆಯಲು ಹೇಳಿ. ಉತ್ತರದಲ್ಲಿ "ಮಾತ್ರ", "ಯಾವಾಗಲೂ", "ಎಲ್ಲ" ಬಂದರೆ ಎರಡು ಸಲ ಓದಲಿ. ಹಾಗೆಂದು ಅವೆಲ್ಲ ತಪ್ಪು ಉತ್ತರವೇ ಎಂದು ಬಾಯಿಪಾಠ ಮಾಡಿಸುವವರಿದ್ದಾರೆ, ಅದನ್ನು ನಂಬಬೇಡಿ.

ಅಭ್ಯಾಸಕ್ಕೆ ದುಡ್ಡು ಕೊಟ್ಟು ಗೈಡು ರಾಶಿ ಹಾಕಿಕೊಳ್ಳುವುದು ನನಗಂತೂ ಸರಿಕಾಣದು. ಪರಿಸರ ಅಧ್ಯಯನದ ಪುಸ್ತಕ, ದಿನಪತ್ರಿಕೆಯ ವಿಜ್ಞಾನದ ತುಣುಕು ಸಾಕು. ಹಾಲು ಉಕ್ಕುತ್ತದೆ, ನೀರು ಕುದಿದರೂ ಹಾಗೆ ಉಕ್ಕುವುದಿಲ್ಲ. ಹಾಲಿನ ಮೇಲೆ ಕಟ್ಟುವ ಕೆನೆ ಆವಿಯನ್ನು ತಡೆಹಿಡಿಯುತ್ತದೆ, ಒತ್ತಡ ಹೆಚ್ಚಿ ಆವಿ ಕೆನೆಯನ್ನೇ ಎತ್ತಿಕೊಂಡು ಮೇಲೆ ಬರುತ್ತದೆ. ಇಷ್ಟನ್ನೇ ಐದು ಸಾಲಾಗಿ ಬರೆಯಿರಿ, ಗದ್ಯಭಾಗ ಸಿದ್ಧ! ಆಮೇಲೆ ಪ್ರಶ್ನೆಯನ್ನು ಮಗುವೇ ತಯಾರಿಸಲಿ. ಒಂದು ಸರಿ ಉತ್ತರ, ಅಮ್ಮನನ್ನು ಏಮಾರಿಸುವಂಥ ಮೂರು ತಪ್ಪು ಉತ್ತರ. ಮಕ್ಕಳಿಗೆ ಇದೆಂದರೆ ಬಲು ಖುಷಿ. ಬಲೆ ಹೆಣೆಯುವುದನ್ನು ಕಲಿತ ಮಗು ಬಲೆಗೆ ಸುಲಭವಾಗಿ ಬೀಳದು. ಚಪಾತಿ ಲಟ್ಟಿಸುತ್ತಲೇ ನೀವು ಉತ್ತರ ಹೇಳಬಹುದು.

ಪರೀಕ್ಷೆ ಹತ್ತಿರವಾದಾಗ ಗಡಿಯಾರ ಇಟ್ಟು ಓದಿಸಿ. ಈ ಭಾಗಕ್ಕೆ ಅರ್ಧ ಗಂಟೆ ಎಂದರೆ ಒಂದು ಗದ್ಯಭಾಗಕ್ಕೆ ಏಳೂವರೆ ನಿಮಿಷ. ಮೊದಲು ಪ್ರಶ್ನೆಗಳ ಮೇಲೊಮ್ಮೆ ಕಣ್ಣಾಡಿಸಿ, ಆಮೇಲೆ ಗದ್ಯ ಓದಿದರೆ ಹುಡುಕಾಟ ಕಡಿಮೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಗೊತ್ತಿಲ್ಲದಿದ್ದರೂ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಎರಡು ಉತ್ತರ ಖಂಡಿತ ತಪ್ಪೆಂದು ಹೊಡೆದು ಹಾಕಿ, ಉಳಿದೆರಡರಲ್ಲಿ ಒಂದನ್ನು ಆರಿಸಲಿ. ಉತ್ತರದ ಹಾಳೆಯಲ್ಲಿ ವೃತ್ತ ತುಂಬುವುದನ್ನೂ ಮನೆಯಲ್ಲೇ ಹತ್ತಾರು ಸಲ ಮಾಡಿಸಿ, ತುಂಬಿದ್ದನ್ನು ಆಮೇಲೆ ಬದಲಿಸಲಾಗದು. ನೀಲಿ ಅಥವಾ ಕಪ್ಪು ಬಾಲ್ ಪೆನ್ನು ಎರಡಾದರೂ ಕಂಪಾಸ್ ಪೆಟ್ಟಿಗೆಯಲ್ಲಿರಲಿ. ಪೆನ್ಸಿಲ್ ನಡೆಯುವುದಿಲ್ಲ.