ಅಪ್ಪನ ಬ್ಯಾಂಜೊ, ಗಡಿಯಾರದ ಲೆಕ್ಕ

ಅರಸೀಕೆರೆ ಕಡೆಯ ನನ್ನ ತವರಿನಲ್ಲಿ ಆಸ್ತಿ ಭಾಗವಾದಾಗ ಅಣ್ಣಂದಿರು, "ನಿನಗೇನು ಬೇಕಮ್ಮ?" ಎಂದು ಕೇಳಿದರು. "ಅಟ್ಟದ ಮೇಲಿರೋ ಅಪ್ಪನ ಬ್ಯಾಂಜೊ ಕೊಡಿ, ಸಾಕು" ಎಂದೆ. ಎಲ್ಲರೂ ನಕ್ಕರು.

ಬ್ಯಾಂಜೊ ಎಂದರೆ ಹೊರದೇಶದವರು ನುಡಿಸುವ, ಚರ್ಮ ಬಿಗಿದ ದುಂಡು ವಾದ್ಯವಲ್ಲ. ನಮ್ಮಲ್ಲಿ ಬುಲ್‌ಬುಲ್ ತರಂಗ್ ಎನ್ನುತ್ತಾರಲ್ಲ, ಆ ಮರದ ಪೆಟ್ಟಿಗೆ. ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈಲಿ ಗುಂಡಿ ಒತ್ತಿ ಬಲಗೈಲಿ ತಂತಿ ಮೀಟಬೇಕು. ಇದರ ಮೂಲ 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ತೈಶೊಗೊಟೊ ಎಂಬ ವಾದ್ಯ.

ಅಪ್ಪ ರಾತ್ರಿ ದೆವ್ವದ ಕಥೆ ಹೇಳುವಾಗ, ದೆವ್ವ ಬರುವ ಹೊತ್ತಿಗೆ ಸರಿಯಾಗಿ ನಾಲ್ಕು ಸ್ವರ ನುಡಿಸುತ್ತಿದ್ದರು. ನಾವು ಅಮ್ಮನ ಸೆರಗಿನೊಳಗೆ! ಅದನ್ನು ಕಲಿಯುವ ಮೊದಲೇ ಮದುವೆಯಾಗಿ ಗೆಂಡೆಹಳ್ಳಿ ಸೇರಿದೆ. ಆಮೇಲೆ ಅಪ್ಪನೂ ಹೋದರು. ಕೇಳೋಣವೆಂದರೆ ಯಾರೂ ಉಳಿಯಲಿಲ್ಲ.

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಹುಡುಕಿದ್ದೇ ಹುಡುಕಿದ್ದು. ನನಗೆ ಬರುತ್ತಿದ್ದ ಸರಳೆ, ಜಂಟಿವರಸೆಗಳಲ್ಲಿ ಅದು ಸಿಗಲಿಲ್ಲ. ಕಡೆಗೆ ಕೀಬೋರ್ಡ್ ಕಲಿಯುವ ಅಣ್ಣನ ಮಗ ಬಂದಾಗ ಗುನುಗಿ ತೋರಿಸಿದೆ. "ಅತ್ತೆ, ಇದು ಡಿಮಿನಿಷ್ಡ್ ಆರ್ಪೆಜಿಯೊ" ಎಂದ. "ನನಗೆ ಅರ್ಥವಾಗೋ ಹಾಗೆ ಹೇಳೋ" ಎಂದೆ. ಗೋಡೆ ಗಡಿಯಾರ ತೋರಿಸಿದ.

ಒಂದು ಸ್ಥಾಯಿಯಲ್ಲಿ 12 ಸ್ವರಸ್ಥಾನ. ಗಡಿಯಾರದಲ್ಲೂ 12 ಅಂಕಿ. ಷಡ್ಜವನ್ನು 12 ಎಂದುಕೊಳ್ಳಿ. ಮೂರು ಮೂರು ಸ್ಥಾನ ಏರಿದರೆ 3, 6, 9 — ಸಾಧಾರಣ ಗಾಂಧಾರ, ಪ್ರತಿ ಮಧ್ಯಮ, ಚತುಶ್ರುತಿ ಧೈವತ. ಇನ್ನು ಮೂರಕ್ಕೆ ಮೇಲಿನ ಷಡ್ಜ. ಇವನ್ನು ಒಟ್ಟಿಗೆ ಮೀಟದೆ ಒಂದೊಂದಾಗಿ ಬಿಡಿಸಿ ನುಡಿಸುವುದೇ ಆರ್ಪೆಜಿಯೊ. ಹೇಮವತಿ ರಾಗದಲ್ಲೂ ಈ ನಾಲ್ಕು ಸ್ವರಗಳಿವೆ. ಆದರೆ ಅಲ್ಲಿ ರಿಷಭ, ಪಂಚಮ, ನಿಷಾದಗಳ ಜೊತೆಗಿವೆ. ಇಲ್ಲಿ ಎಲ್ಲ ಹೆಜ್ಜೆಯೂ ಸಮ. ಕಿವಿಗೆ ಮನೆ ಸೇರಿದೆ ಎನಿಸುವುದೇ ಇಲ್ಲ. ಅದಕ್ಕೇ ಆ ದಿಗಿಲು!

1, 4, 7, 10 ಎರಡನೆಯ ಗುಂಪು. 2, 5, 8, 11 ಮೂರನೆಯದು. 3ರಿಂದ ಶುರು ಮಾಡಿದರೆ ಮತ್ತೆ ಮೊದಲನೆಯದೇ. ಮೂರು ಕಲಿತರೆ ಹನ್ನೆರಡೂ ಬಂದಂತೆ.

ಗುಂಡಿ ಸರಿಯಾಗಿ ಒತ್ತಿದರೂ ಕರ್ಕಶ. ಹದಿನೈದು ದಿನ ನನ್ನ ಬೆರಳನ್ನೇ ಬೈದುಕೊಂಡೆ. ನೋಡಿದರೆ ತಪ್ಪು ಪಕ್ಕದ ಶ್ರುತಿ ತಂತಿಯದು! ಅದನ್ನು ಪಂಚಮಕ್ಕೆ ಕೂಡಿಸಿದ್ದೆ. ಪ್ರತಿ ಮಧ್ಯಮಕ್ಕೂ ಅದಕ್ಕೂ ಜಗಳ. ಆ ತಂತಿಯಡಿ ಹಳೆ ಬಟ್ಟೆಯ ಚೂರು ಸಿಕ್ಕಿಸಿದೆ, ಸದ್ದಡಗಿತು.

ಕಲಿಯುವ ಸೋದರಿಯರು ಬೇಕಾದ ಗುಂಡಿಗಳಿಗೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ. ಮೇಲಿನ, ಕೆಳಗಿನ ಎರಡು ಸಾಲನ್ನೂ ಸೇರಿಸಿ ಎಣಿಸಿ. ಹತ್ತುವುದು ನಿಧಾನವಾಗಿ ಕೈಗೆ ಬಂದ ಮೇಲೆ ಇಳಿಯುವುದು. ದಿನಕ್ಕೆ ಕಾಲು ಗಂಟೆ ಸಾಕು.

ಮೊನ್ನೆ ಮಳೆಗೆ ಕರೆಂಟು ಹೋಗಿತ್ತು. ದೊಡ್ಡಣ್ಣ ಬಂದಿದ್ದ. ಕತ್ತಲಲ್ಲೇ ಆ ನಾಲ್ಕು ಸ್ವರ ನುಡಿಸಿದೆ. ಅಂದು ನಕ್ಕಿದ್ದ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಇನ್ನೊಂದು ಸಲ ನುಡಿಸಮ್ಮ" ಎಂದ.