ಮೇಣದ ಮೇಲೆ ನಿಂತ ಸ್ವರ

ಏಪ್ರಿಲ್ ಕೊನೆಯ ಹೊತ್ತಿಗೆ ಹೈದರಾಬಾದಿನ ಹಗಲು 42 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸದೇನಲ್ಲ. ಆ ದಿನಗಳಲ್ಲಿ ವೀಣೆ ನುಡಿಸುವವರ ಮನೆಗಳಲ್ಲಿ ಒಂದೇ ಬಗೆಯ ದೂರು ಕೇಳಿಬರುತ್ತದೆ. ಬಿರಡೆ ತಿರುಗಿಸಿ ಎಷ್ಟು ಶ್ರುತಿ ಮಾಡಿದರೂ ತಾರಸ್ಥಾಯಿಯಲ್ಲಿ ಸ್ವರ ಕೂಡುವುದಿಲ್ಲ, ಒಂದೆರಡು ಕಡೆ ತಂತಿ ಗಿರ್ರೆನ್ನುತ್ತದೆ. ಹೊಸ ತಂತಿ ಹಾಕಿದರೂ ಅದೇ ಕಥೆ. ತೊಂದರೆ ಇರುವುದು ತಂತಿಯ ಕೆಳಗಿನ ಮೆಟ್ಟಿಲುಗಳಲ್ಲಿ, ಆ ಮೆಟ್ಟಿಲುಗಳನ್ನು ಹಿಡಿದಿಟ್ಟಿರುವ ಕಪ್ಪು ಮೇಣದಲ್ಲಿ. ಬಲ್ಲವರು ನೋಡಿದ ಕೂಡಲೇ ಹೇಳುತ್ತಾರೆ: ಮೇಳ ಹೋಗಿದೆ, ಹೊಸದಾಗಿ ಕಟ್ಟಿಸಬೇಕು.

ಮೇಳ ಕಟ್ಟುವುದನ್ನು ಸಾಮಾನ್ಯ ರಿಪೇರಿ ಎಂದು ತಿಳಿದವರೇ ಹೆಚ್ಚು. ವಾಸ್ತವವಾಗಿ ಅದು ಒಂದು ವೀಣೆಯ ಹನ್ನೆರಡು ಸ್ವರಸ್ಥಾನಗಳನ್ನು ಮತ್ತೆ ಮೊದಲಿನಿಂದ ನಿಶ್ಚಯಿಸುವ ಕೆಲಸ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಪಳಗಿದ ಕಿವಿ ಮೂರೂ ಅಲ್ಲಿ ಒಟ್ಟಿಗೆ ದುಡಿಯುತ್ತವೆ.

ಮೂರು ವಾದ್ಯ, ಮೂರು ಹಿಡಿತ

ಹಿಂದೂಸ್ತಾನಿ, ಕರ್ನಾಟಕ ಸಂಗೀತಗಳೆರಡಕ್ಕೂ ನೆಲೆಯಾದ ಹೈದರಾಬಾದಿನಲ್ಲಿ ಸಿತಾರ್, ವೀಣೆ, ಗಿಟಾರ್ ಮೂರೂ ಒಂದೇ ಬೀದಿಯಲ್ಲಿ ಕೇಳಸಿಗುತ್ತವೆ. ಮೂರಕ್ಕೂ ಮೆಟ್ಟಿಲುಗಳಿವೆ. ಅವನ್ನು ಹಿಡಿದಿಡುವ ಬಗೆ ಮಾತ್ರ ಬೇರೆ ಬೇರೆ.

ಗಿಟಾರಿನ ಮೆಟ್ಟಿಲುಗಳನ್ನು ಮರದಲ್ಲಿ ಗರಗಸದಿಂದ ಕೊರೆದ ಸಣ್ಣ ಸೀಳುಗಳಿಗೆ ಬಡಿದು ಕೂರಿಸುತ್ತಾರೆ. ಸಾಮಾನ್ಯವಾಗಿ ಅವು ತಾಮ್ರ, ನಿಕ್ಕಲ್, ಸತು ಬೆರೆತ ಮಿಶ್ರಲೋಹದವು. ಸವೆದಾಗ ಬಿಸಿ ಮಾಡಿ ಇಕ್ಕಳದಿಂದ ಕಿತ್ತು, ಅದೇ ಸೀಳಿಗೆ ಹೊಸದನ್ನು ಬಡಿದು, ಎಲ್ಲವನ್ನೂ ಅರದಿಂದ ಒಂದೇ ಮಟ್ಟಕ್ಕೆ ತಂದರೆ ಮುಗಿಯಿತು. ಜಾಗ ಹುಡುಕುವ ಪ್ರಶ್ನೆಯೇ ಇಲ್ಲ, ಅದನ್ನು ಕಾರ್ಖಾನೆಯ ಲೆಕ್ಕ ಮೊದಲೇ ನಿರ್ಧರಿಸಿರುತ್ತದೆ. ಒಂದೊಂದು ಮೆಟ್ಟಿಲು ಏರಿದಂತೆ ಕಂಪಿಸುವ ತಂತಿಯ ಉದ್ದವನ್ನು 1.0595ರಿಂದ ಭಾಗಿಸುತ್ತ ಹೋಗುವುದು ಆ ಲೆಕ್ಕ. ಖಗೋಳವಿಜ್ಞಾನಿ ಗೆಲಿಲಿಯೋನ ತಂದೆ, ಲ್ಯೂಟ್ ವಾದಕ ವಿನ್ಸೆಂಜೊ ಗೆಲಿಲಿ 1581ರಲ್ಲೇ ಇದಕ್ಕೆ ಬಹಳ ಹತ್ತಿರವಾದ 18:17ರ ಸೂತ್ರವನ್ನು ಮುಂದಿಟ್ಟಿದ್ದ.

ಸಿತಾರಿನಲ್ಲಿ ಪರದೆ ಎಂದು ಕರೆಯುವ ಬಾಗಿದ ಮೆಟ್ಟಿಲುಗಳನ್ನು ದಂಡಿಗೆ ದಾರದಿಂದ ಕಟ್ಟಿರುತ್ತಾರೆ. ರಾಗಕ್ಕೆ ತಕ್ಕಂತೆ ವಾದಕರೇ ಅವನ್ನು ಅತ್ತಿತ್ತ ಸರಿಸಿಕೊಳ್ಳುತ್ತಾರೆ.

ವೀಣೆಯ ದಾರಿ ಇವೆರಡರ ನಡುವಿನದು. ದಂಡಿಯ ಎರಡೂ ಅಂಚಿನಲ್ಲಿ ಮೇಣದ ಏರಿಗಳಿವೆ. ಕಂಚು ಅಥವಾ ಹಿತ್ತಾಳೆಯ 24 ಮೆಟ್ಟಿಲುಗಳು ಸೇತುವೆಯ ಹಾಗೆ ಒಂದು ಏರಿಯಿಂದ ಇನ್ನೊಂದಕ್ಕೆ ಅಡ್ಡಲಾಗಿ ಕೂತಿವೆ. ನುಡಿಸುವಾಗ ಅವು ಕದಲುವುದಿಲ್ಲ. ಆದರೂ ಮರಕ್ಕೆ ಒಂದು ಗೀರೂ ಬೀಳದಂತೆ ಅಷ್ಟನ್ನೂ ಕಿತ್ತು ಬೇರೆ ಜಾಗದಲ್ಲಿ ಕೂರಿಸಬಹುದು.

ಮೆಟ್ಟಿಲು ಸವೆಯುವುದು ಹೇಗೆ?

ವೀಣೆಯ ಮೊದಲ ತಂತಿ ಸಾರಣಿ ಉಕ್ಕಿನದು. ಉಕ್ಕಿಗಿಂತ ಕಂಚು, ಹಿತ್ತಾಳೆಗಳು ಮೆದು. ಬರೀ ಒತ್ತಿ ಮೀಟುವುದಾಗಿದ್ದರೆ ಸವಕಳಿ ನಿಧಾನವಾಗಿರುತ್ತಿತ್ತು. ಆದರೆ ವೀಣೆಯ ಜೀವ ಇರುವುದೇ ಗಮಕದಲ್ಲಿ. ವೈಣಿಕರು ತಂತಿಯನ್ನು ಮೆಟ್ಟಿಲಿನುದ್ದಕ್ಕೆ ಪಕ್ಕಕ್ಕೆ ಎಳೆದು, ಒಂದೇ ಮೆಟ್ಟಿಲಿನಲ್ಲಿ ಎರಡು ಮೂರು ಸ್ವರಗಳನ್ನು ಹೊರಡಿಸುತ್ತಾರೆ.

ಆ ಎಳೆತದ ಬಲ ಸಣ್ಣದಲ್ಲ. ತಂತಿಯ ಕಂಪನಸಂಖ್ಯೆ ಅದರ ಬಿಗಿಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಫ್ರಾನ್ಸಿನ ಮರೆನ್ ಮರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮ ಇದು. ಈ ಲೆಕ್ಕದಂತೆ ಷಡ್ಜದ ಜಾಗದಲ್ಲೇ ತಂತಿ ಎಳೆದು ಚತುಶ್ರುತಿ ರಿಷಭ ತರಬೇಕಾದರೆ ಬಿಗಿ ಸುಮಾರು ಶೇ. 26ರಷ್ಟು ಹೆಚ್ಚಬೇಕು. ಅಂತರ ಗಾಂಧಾರದವರೆಗೆ ಹೋಗಬೇಕಾದರೆ ಹೆಚ್ಚಳ ಶೇ. 59. ಅಷ್ಟು ಬಿಗಿದ ಉಕ್ಕಿನ ತಂತಿ ದಿನವೂ ಲೋಹದ ಮೇಲೆ ಉಜ್ಜಿಕೊಂಡು ಹೋಗಿ ಬಂದು ಮಾಡುತ್ತಿದ್ದರೆ ಮೆಟ್ಟಿಲಿನ ನೆತ್ತಿಯಲ್ಲಿ ಗೀರು ಬೀಳುತ್ತದೆ, ಗುಂಡಗಿದ್ದ ಮೈ ಚಪ್ಪಟೆಯಾಗುತ್ತದೆ. ಬೆರಳಿನ ಬೆವರಿನಲ್ಲಿರುವ ಉಪ್ಪು ಲೋಹವನ್ನು ಇನ್ನಷ್ಟು ತಿನ್ನುತ್ತದೆ.

ಪರಿಣಾಮ ಕಿವಿಗೆ ತಿಳಿಯುತ್ತದೆ. ಗುಂಡಗಿನ ಮೆಟ್ಟಿಲಿನ ಮೇಲೆ ತಂತಿ ಒಂದು ಕಿರಿದಾದ ಗೆರೆಯಲ್ಲಷ್ಟೇ ತಾಗುತ್ತದೆ, ಸ್ವರ ಖಚಿತವಾಗಿರುತ್ತದೆ. ಚಪ್ಪಟೆಯಾದ ಮೇಲೆ ತಂತಿ ಎಲ್ಲಿಂದ ಕಂಪಿಸಲು ತೊಡಗುತ್ತದೆ ಎಂಬುದೇ ಮಸುಕಾಗುತ್ತದೆ. ಗೀರು ಆಳವಾದರೆ ಗಮಕದ ನಡುವೆ ತಂತಿ ಅಲ್ಲಿ ತಡೆಯುತ್ತದೆ. ಮೆಟ್ಟಿಲಿನ ಎತ್ತರವೇ ತಗ್ಗಿದ್ದರೆ, ಒತ್ತಿದ ತಂತಿ, ಕೊಡದ ಮೇಲೆ ತಂತಿಗಳನ್ನು ಹೊರುವ ಕುದುರೆಯ ಕಡೆಗಿರುವ ಮುಂದಿನ ಮೆಟ್ಟಿಲಿಗೂ ತಾಗಿ ಗಿರ್ರೆನ್ನುತ್ತದೆ. ಮೇಲ್ಮೈಯ ಗೀರನ್ನು ಅರದಿಂದ ತೀಡಿ ನಯ ಮಾಡಬಹುದು. ಲೋಹ ತೀರ ಸವೆದಿದ್ದರೆ ಹೊಸ ಮೆಟ್ಟಿಲೇ ಬೇಕು.

ಮೇಣದ ಎರಡು ಮುಖ

ಮೇಳದ ಮೇಣಕ್ಕೆ ಮೂಲವಾದ ಜೇನುಮೇಣ ಒಂದೇ ವಸ್ತುವಲ್ಲ. ಅದರಲ್ಲಿ ಹಲವು ಬಗೆಯ ಎಸ್ಟರುಗಳು, ಕೊಬ್ಬಿನ ಆಮ್ಲಗಳು, ಹೈಡ್ರೋಕಾರ್ಬನ್ನುಗಳು ಕಲೆತಿವೆ. ಹಾಗಾಗಿ ಮಂಜುಗಡ್ಡೆಯಂತೆ ಒಂದೇ ಬಿಂದುವಿನಲ್ಲಿ ಅದು ಕರಗುವುದಿಲ್ಲ. ಪೂರ್ತಿ ದ್ರವವಾಗುವುದು 62ರಿಂದ 65 ಡಿಗ್ರಿಯ ಆಸುಪಾಸಿನಲ್ಲಾದರೂ, ಅದಕ್ಕೆ ಎಷ್ಟೋ ಮುಂಚೆ, 35–40 ಡಿಗ್ರಿಯಲ್ಲೇ, ಮೆತ್ತಗಾಗಲು ತೊಡಗುತ್ತದೆ. ಬರಿಯ ಮೇಣದ ಮೇಲೆ ಮೆಟ್ಟಿಲು ನಿಲ್ಲಿಸಿದರೆ ದಖ್ಖನಿನ ಒಂದು ಬೇಸಿಗೆಯನ್ನೂ ಅದು ದಾಟಲಾರದು. ಆದ್ದರಿಂದಲೇ ಮೇಳದ ಮೇಣಕ್ಕೆ ಮರದ ರಾಳವನ್ನೂ ಮಸಿಯನ್ನೂ ಬೆರೆಸುತ್ತಾರೆ. ರಾಳ ಗಡಸುತನವನ್ನೂ ಅಂಟನ್ನೂ ಕೊಡುತ್ತದೆ. ಮಸಿ ಎಂದರೆ ಅತಿ ಸಣ್ಣ ಇಂಗಾಲದ ಕಣಗಳು. ಅವು ಕಪ್ಪು ಬಣ್ಣದ ಜೊತೆಗೆ ಮೇಣದ ಒಡಲಿಗೆ ಬಿಗುವನ್ನೂ ತರುತ್ತವೆ. ರಾಳ ಹೆಚ್ಚಾದರೆ ಚಳಿಗಾಲದಲ್ಲಿ ಮೇಳ ಬಿರುಕು ಬಿಡುತ್ತದೆ, ಕಡಿಮೆಯಾದರೆ ಬೇಸಿಗೆಯಲ್ಲಿ ಕುಸಿಯುತ್ತದೆ. ಊರಿನ ಹವೆ ನೋಡಿ ಪಾಕ ಹದ ಮಾಡುವುದು ಕುಶಲಕರ್ಮಿಗಳ ಅನುಭವಕ್ಕೆ ಬಿಟ್ಟ ವಿದ್ಯೆ.

ಇಷ್ಟು ಮೆತ್ತನೆಯ ವಸ್ತು ನಾದವನ್ನು ನುಂಗಿಹಾಕುವುದಿಲ್ಲವೆ? ಇಲ್ಲ. ಮೇಣ ಕಾಲವನ್ನು ನೋಡಿ ವರ್ತಿಸುವ ವಸ್ತು. ಜೋನಿಬೆಲ್ಲದ ಡಬ್ಬಿಯನ್ನು ಬೋರಲು ಮಾಡಿ ತಕ್ಷಣ ಎತ್ತಿದರೆ ಬೆಲ್ಲ ಅಲ್ಲೇ ಇರುತ್ತದೆ, ರಾತ್ರಿಯಿಡೀ ಬಿಟ್ಟರೆ ಇಳಿದು ಬಂದಿರುತ್ತದೆ. ಸೆಕೆಂಡಿಗೆ ನೂರಾರು ಬಾರಿ ಬಡಿಯುವ ತಂತಿಯ ಕಂಪನಕ್ಕೆ ಮೇಣ ಗಟ್ಟಿ ಪದಾರ್ಥವಾಗಿಯೇ ಎದುರು ನಿಲ್ಲುತ್ತದೆ. ತಿಂಗಳುಗಟ್ಟಲೆ ಬೀಳುವ ಬೆರಳಿನ ಒತ್ತಡಕ್ಕೆ ಮಾತ್ರ ದ್ರವದಂತೆ ಮಣಿಯುತ್ತ, ಮೆಟ್ಟಿಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಕೆಳಗಿಳಿಸುತ್ತದೆ, ವಾಲಿಸುತ್ತದೆ. ಬಿಸಿ ಏರಿದಷ್ಟೂ ಈ ಹರಿವು ಚುರುಕು.

ಒಂದು ಮಿಲಿಮೀಟರಿನ ಬೆಲೆ

ದಂಡಿಯ ತುದಿಯಲ್ಲಿ ತಂತಿಗಳನ್ನು ಹೊರುವ ಮೇರುವಿನಿಂದ ಕುದುರೆಗೆ 84 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಗಿಟಾರಿನ ಆ ಸಮಪಾಲಿನ ಲೆಕ್ಕದಲ್ಲಿ ಮೊದಲ ಮೆಟ್ಟಿಲು ಮೇರುವಿನಿಂದ 4.7 ಸೆಂ.ಮೀ. ದೂರದಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, ಅಂದರೆ 42 ಸೆಂ.ಮೀ.ನಲ್ಲಿ, ಇಪ್ಪತ್ನಾಲ್ಕನೆಯದು 63 ಸೆಂ.ಮೀ.ನಲ್ಲಿ ಬರುತ್ತದೆ. ಕೊನೆಯ ಎರಡು ಮೆಟ್ಟಿಲುಗಳ ನಡುವಿನ ಅಂತರ ಬರೀ 1.25 ಸೆಂ.ಮೀ.

ಸ್ವರದ ವ್ಯತ್ಯಾಸ ಅಳೆಯಲು ಒಂದು ಸ್ಥಾಯಿಯನ್ನು 1,200 ಪಾಲು ಮಾಡಿ ಒಂದೊಂದನ್ನು ಸೆಂಟ್ ಎನ್ನುತ್ತಾರೆ. ಮೊದಲ ಮೆಟ್ಟಿಲು ಒಂದು ಮಿಲಿಮೀಟರ್ ಸರಿದರೆ ಸ್ವರ ಸುಮಾರು 2 ಸೆಂಟ್ ಕದಲುತ್ತದೆ, ಕಿವಿಗೆ ತಿಳಿಯುವುದೇ ಕಷ್ಟ. ಕೊನೆಯ ಮೆಟ್ಟಿಲು ಅಷ್ಟೇ ಸರಿದರೆ ವ್ಯತ್ಯಾಸ 8 ಸೆಂಟ್. ಸಾರಣಿಯ ಶ್ರುತಿ 160 ಹರ್ಟ್ಸ್ ಇದ್ದರೆ ಕೊನೆಯ ಮೆಟ್ಟಿಲಿನ ಅತಿತಾರ ಷಡ್ಜ 640 ಹರ್ಟ್ಸ್. ಆ ಒಂದು ಮಿಲಿಮೀಟರ್ ಅಲ್ಲಿ 3 ಹರ್ಟ್ಸ್ ತಪ್ಪಿಸುತ್ತದೆ. ಮೇಳ ಕೆಟ್ಟಾಗ ದೂರು ಮೊದಲು ಮೇಲಿನ ಸ್ಥಾಯಿಯಿಂದ ಬರುವುದಕ್ಕೆ ಕಾರಣ ಇದೇ.

ಇನ್ನೊಂದು ಸೂಕ್ಷ್ಮವಿದೆ. ತಂತಿ ಎಳೆದರೆ ಸ್ವರ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮೆಟ್ಟಿಲು ಕೊಂಚ ತಗ್ಗಿನ ಸ್ವರ ಕೊಟ್ಟರೆ ವಾದಕರ ಬೆರಳು ಅದನ್ನು ತಿದ್ದಿಕೊಳ್ಳಬಲ್ಲದು. ಮೆಟ್ಟಿಲು ಕುದುರೆಯ ಕಡೆಗೆ ವಾಲಿ ಸ್ವರ ಏರಿಬಿಟ್ಟರೆ ಯಾವ ಬೆರಳೂ ಅದನ್ನು ಕೆಳಗಿಳಿಸಲಾರದು.

ವಿಜಯನಗರದಲ್ಲಿ ಎದ್ದ ಪ್ರಶ್ನೆ

ಮೆಟ್ಟಿಲನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಹಳೆಯ ಉತ್ತರವೊಂದಿದೆ. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ 1550ರಲ್ಲಿ ‘ಸ್ವರಮೇಳಕಲಾನಿಧಿ’ ಬರೆದ. ರಾಮಾಮಾತ್ಯನ ಗ್ರಂಥದಲ್ಲಿ ವೀಣೆಗೆ ಮೆಟ್ಟಿಲು ಕೂರಿಸುವ ಕ್ರಮಕ್ಕೆ ಮುಖ್ಯ ಸ್ಥಾನವಿದೆ. ಒಂದೇ ರಾಗಕ್ಕೆಂದು ಮೆಟ್ಟಿಲು ಹೊಂದಿಸಿದ ವೀಣೆ ಒಂದು ಬಗೆ, ಎಲ್ಲ ರಾಗಗಳಿಗೂ ಒದಗುವಂತೆ ಹೊಂದಿಸಿದ್ದು ಇನ್ನೊಂದು ಬಗೆ ಎಂದು ಅವನು ವಿಂಗಡಿಸಿದ. ತಂತಿಯಿಂದ ತಂತಿಗೆ ಸಂವಾದ, ಅಂದರೆ ಸ್ವರಗಳ ಹೊಂದಿಕೆ, ಹುಡುಕುತ್ತ ಮೆಟ್ಟಿಲಿನ ಜಾಗ ಗೊತ್ತುಮಾಡುವ ದಾರಿ ತೋರಿಸಿದ. ಮುಂದೆ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ, ಅಂದರೆ 1600–1634ರ ನಡುವೆ, ಸ್ಥಾಯಿಗೆ ಹನ್ನೆರಡರಂತೆ ಎರಡು ಸ್ಥಾಯಿಗೆ 24 ಮೆಟ್ಟಿಲುಗಳ ಇಂದಿನ ವೀಣೆ ನೆಲೆಗೊಂಡಿತು ಎಂಬುದು ಸಂಪ್ರದಾಯದ ನಂಬಿಕೆ.

ಎಲ್ಲ ರಾಗಗಳಿಗೂ ಒಂದೇ ಮೇಳ ಎಂದ ಕೂಡಲೇ ಒಂದು ತೊಡಕು ಹುಟ್ಟುತ್ತದೆ. ಒಂದು ಮೆಟ್ಟಿಲು ನುಡಿಸುವ ನಾಲ್ಕೂ ತಂತಿಗಳ ಅಡಿಯಲ್ಲಿ ಹಾಯುತ್ತದೆ. ಸಾರಣಿಯಲ್ಲಿ ಎರಡನೆಯ ಮೆಟ್ಟಿಲು ಷಡ್ಜಕ್ಕೆ 9:8 ಅನುಪಾತದ ಚತುಶ್ರುತಿ ರಿಷಭ ಕೊಡುವಂತೆ ಕೂರಿಸಿದರೆ, ಅದೇ ಮೆಟ್ಟಿಲು ಪಂಚಮದ ತಂತಿಯಲ್ಲಿ 27:16ರ ಧೈವತ ಕೊಡುತ್ತದೆ. ಕಿವಿಗೆ ತಂಪಾದ 5:3ರ ಧೈವತ ಇದಕ್ಕಿಂತ 22 ಸೆಂಟ್ ಕೆಳಗಿದೆ. ಎರಡನ್ನೂ ಏಕಕಾಲಕ್ಕೆ ಒಪ್ಪಿಸುವ ಜಾಗ ಆ ದಂಡಿಯ ಮೇಲೆ ಎಲ್ಲೂ ಇಲ್ಲ. ಯಾವ ಕಡೆಗೆ ಎಷ್ಟು ವಾಲಬೇಕು ಎಂದು ಮನುಷ್ಯನೇ ತೀರ್ಮಾನಿಸಬೇಕು.

ಕಿವಿಯೇ ಅಳತೆಗೋಲು

ಮೇಳ ಕಟ್ಟುವವರು ಮೊದಲು ಹಳೆಯ ಮೇಣವನ್ನೆಲ್ಲ ಬಿಡಿಸಿ ತೆಗೆಯುತ್ತಾರೆ. ಪಾಕವನ್ನು ಕಾಯಿಸಿ, ನಾದಿ, ದಂಡಿಯ ಎರಡೂ ಅಂಚಿಗೆ ಏರಿಯಾಗಿ ಹಚ್ಚುತ್ತಾರೆ. ಮೆಟ್ಟಿಲುಗಳನ್ನು ಮೇಲಿಟ್ಟು, ತಂತಿಗಳನ್ನು ಬಿಗಿದು ಶ್ರುತಿ ಮಾಡಿ, ಒಂದೊಂದನ್ನೇ ಒತ್ತಿ ಮೀಟಿ ಕೇಳುತ್ತ ಅದರ ಜಾಗಕ್ಕೆ ತರುತ್ತಾರೆ. ಉದ್ದದ ಅರ್ಧದಲ್ಲಿ ಷಡ್ಜ, ಮೂರರಲ್ಲಿ ಎರಡು ಪಾಲು ಉಳಿದಲ್ಲಿ ಪಂಚಮ, ನಾಲ್ಕರಲ್ಲಿ ಮೂರು ಪಾಲು ಉಳಿದಲ್ಲಿ ಮಧ್ಯಮ ಎಂಬುದು ಲೆಕ್ಕ. ಬೆರಳು ಒತ್ತಿದಾಗ ತಂತಿ ಬಾಗಿ ಅದರ ಬಿಗಿ ಹೆಚ್ಚುವುದರಿಂದ ಲೆಕ್ಕದ ಜಾಗ ಮತ್ತು ಸ್ವರ ಸಿಗುವ ಜಾಗ ಒಂದೇ ಆಗಿರುವುದಿಲ್ಲ. ತಂತಿಯ ದಪ್ಪ, ಮೆಟ್ಟಿಲಿನಿಂದ ಅದಕ್ಕಿರುವ ಎತ್ತರ, ಕುದುರೆಯ ಬಾಗು ಎಲ್ಲವೂ ಆ ವ್ಯತ್ಯಾಸದಲ್ಲಿ ಸೇರುತ್ತವೆ. ಅದನ್ನು ತುಂಬುವುದು ಕಿವಿ.

ಕಿವಿಗೆ ಅಷ್ಟು ನಿಖರತೆ ಎಲ್ಲಿಂದ ಬರುತ್ತದೆ? ಎರಡು ಸ್ವರಗಳು ತೀರ ಹತ್ತಿರವಿದ್ದೂ ಕೂಡದಿದ್ದಾಗ ನಾದ ಏರಿಳಿಯುತ್ತ ಮಿಡಿಯುತ್ತದೆ. 220 ಮತ್ತು 221 ಹರ್ಟ್ಸ್ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಒಂದು ಮಿಡಿತ. ಮಿಡಿತ ನಿಧಾನವಾಗಿ ನಿಂತ ಕ್ಷಣವೇ ಸ್ವರ ಕೂಡಿದ ಕ್ಷಣ. ವೀಣೆಯಲ್ಲಿ ಇದಕ್ಕೆ ಇನ್ನೊಂದು ಅನುಕೂಲವಿದೆ. ಅದರ ಕುದುರೆಯ ಮೇಲಿನ ಅಗಲವಾದ ಬಾಗಿದ ಲೋಹದ ತಗಡಿನ ಪ್ರಭಾವವನ್ನು ಸಿ.ವಿ. ರಾಮನ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ತಂತಿಯನ್ನು ಮೀಟುವ ಜಾಗದಿಂದಾಗಿ ಹುಟ್ಟಲೇಬಾರದು ಎಂದು ಹಳೆಯ ನಿಯಮ ಹೇಳುತ್ತಿದ್ದ ಉಪಸ್ವರಗಳೂ ವೀಣೆ, ತಂಬೂರಿಗಳಲ್ಲಿ ಬಲವಾಗಿ ಕೇಳುತ್ತವೆ ಎಂದು ಅವರು ತೋರಿಸಿದರು. ಮೂಲಸ್ವರದಲ್ಲಿ 1 ಹರ್ಟ್ಸ್ ತಪ್ಪಿದ್ದರೆ ಮೂರನೆಯ ಉಪಸ್ವರದಲ್ಲಿ ಅದು 3 ಹರ್ಟ್ಸ್. ಉಪಸ್ವರಗಳು ಗಟ್ಟಿಯಾಗಿ ಕೇಳುವ ವಾದ್ಯದಲ್ಲಿ ಸಣ್ಣ ತಪ್ಪೂ ದೊಡ್ಡದಾಗಿ ತೋರುತ್ತದೆ.

ನಮ್ಮ ಕೈಯಲ್ಲಿರುವುದು

ಮನೆಯಲ್ಲಿ ವೀಣೆ ಇದ್ದರೆ ಒಂದು ಪರೀಕ್ಷೆ ಮಾಡಿನೋಡಿ. ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ಸಾರಣಿಯನ್ನು ಒತ್ತದೆ, ಬೆರಳು ಬರೀ ಸೋಕಿಸಿ ಮೀಟಿ, ತಕ್ಷಣ ಬೆರಳೆತ್ತಿ. ಹೊಮ್ಮುವ ಸ್ವಯಂಭೂ ಷಡ್ಜವನ್ನು, ಅದೇ ಮೆಟ್ಟಿಲು ಒತ್ತಿ ನುಡಿಸಿದ ಷಡ್ಜದೊಂದಿಗೆ ಹೋಲಿಸಿ. ಎರಡೂ ಕೂಡದಿದ್ದರೆ ಮೇಳ ಕಟ್ಟುವವರನ್ನು ಕರೆಯುವ ಹೊತ್ತಾಗಿದೆ. ಬೇಸಿಗೆಯಲ್ಲಿ ಪಡುವಣ ಬಿಸಿಲು ಕಾಯುವ ಗೋಡೆಯ ಪಕ್ಕ ವೀಣೆ ಇಡಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಲೇಬೇಡಿ, ಅಲ್ಲಿನ ಶಾಖ ಮೇಣ ಕರಗುವ ಮಟ್ಟದ ಹತ್ತಿರಕ್ಕೆ ಹೋಗಬಹುದು. ನುಡಿಸಿದ ಮೇಲೆ ತಂತಿ, ಮೆಟ್ಟಿಲುಗಳ ಬೆವರನ್ನು ಒಣಬಟ್ಟೆಯಿಂದ ಒರೆಸಿ. ವಾಲಿದ ಮೆಟ್ಟಿಲನ್ನು ಮನೆಯಲ್ಲೇ ಬಿಸಿ ಮಾಡಿ ಸರಿಪಡಿಸಲು ಹೋಗಬೇಡಿ. ಒಂದನ್ನು ಕದಲಿಸಿದರೆ ಅಕ್ಕಪಕ್ಕದ ಮೇಣವೂ ಮೆತ್ತಗಾಗುತ್ತದೆ.

ಮೇಣವನ್ನು ಬಿಟ್ಟು ಗಿಟಾರಿನಂತೆ ಕಾಯಂ ಮೆಟ್ಟಿಲು ಹಾಕುವ ಪ್ರಯತ್ನಗಳೂ ನಡೆದಿವೆ. ಪ್ರಯಾಣಕ್ಕೆ, ಕಲಿಕೆಗೆ ಅವು ಅನುಕೂಲ. ಆದರೆ ಮೇಳದ ವೀಣೆ ಕೊಡುವ ಸ್ವಾತಂತ್ರ್ಯ ಅಲ್ಲಿಲ್ಲ. ಧೈವತವನ್ನು ಯಾವ ಕಡೆಗೆ ವಾಲಿಸಬೇಕು, ಗಾಂಧಾರ ಎಷ್ಟು ತಗ್ಗಿರಬೇಕು ಎಂಬ ತೀರ್ಮಾನವನ್ನು ಮೇಣ ಪ್ರತಿ ಬಾರಿಯೂ ನಮಗೇ ಮರಳಿಸುತ್ತದೆ. ಅದು ಉಳಿಯಬೇಕಾದರೆ ಆ ತೀರ್ಮಾನ ಕೈಗೊಳ್ಳಬಲ್ಲವರು ಉಳಿಯಬೇಕು. ಮೈಸೂರು, ತಂಜಾವೂರು, ಬೊಬ್ಬಿಲಿ, ನೂಜಿವೀಡುಗಳ ವೀಣೆಗಳು ಹೈದರಾಬಾದಿನಂಥ ದೂರದ ನಗರಗಳಲ್ಲಿ ನುಡಿಯುತ್ತಿವೆ. ಮಾಡಿದ ಊರಿಗೆ ಪ್ರತಿಸಲವೂ ಅವನ್ನು ಹೊತ್ತೊಯ್ಯಲು ಆಗದು. ವೀಣೆ ಕಲಿಯುವ ಪ್ರತಿಯೊಬ್ಬರೂ ಮೇಳ ಕಟ್ಟುವಾಗ ಪಕ್ಕದಲ್ಲಿ ಕೂತು, ಪಾಕದ ಹದ ನೋಡಿ, ಒಂದೊಂದು ಮೆಟ್ಟಿಲಿನ ಮಿಡಿತ ನಿಲ್ಲುವುದನ್ನು ಕೇಳಬೇಕು. ಸಂಗೀತ ಕಾಲೇಜುಗಳು ಮೇಳ ಕಟ್ಟುವ ಹಿರಿಯರನ್ನು ಗುರುಗಳೆಂದೇ ಕರೆಸಿ ಗೌರವಧನ ಕೊಟ್ಟು ಪಾಠ ಹೇಳಿಸಬೇಕು. ರಾಮಾಮಾತ್ಯ ಗ್ರಂಥದಲ್ಲಿ ಬರೆದಿಟ್ಟ ವಿದ್ಯೆಯನ್ನು ಅವರು ಬೆರಳಿನಲ್ಲೂ ಕಿವಿಯಲ್ಲೂ ಕಾಪಾಡಿಕೊಂಡು ಬಂದಿದ್ದಾರೆ. ಅವರಿಂದ ಕಲಿಯುವುದು ನಮ್ಮ ಪಾಲಿನ ಕೆಲಸ.